ವೈರಸ್‌ಗಿಂತಲೂ ಚಿಕ್ಕದು



ಗಿಡ ಸೊರಗಿದರೆ ‘ವೈರಸ್ ಬಿತ್ತು’ ಎಂದುಬಿಡುತ್ತೇವೆ. ವೈರಸ್ ಎಂದರೆ ಡಿಎನ್‌ಎ ಇಲ್ಲವೇ ಆರ್‌ಎನ್‌ಎ, ಅದರ ಮೇಲೊಂದು ಪ್ರೋಟೀನ್ ಕವಚ. ವೈರಾಯ್ಡ್‌ಗೆ ಆ ಅಂಗಿಯೂ ಇಲ್ಲ; ಉಂಗುರದಂಥ ಒಂದೆಳೆ ಆರ್‌ಎನ್‌ಎ, ಅಷ್ಟೇ. ಒಂದು ಪ್ರೋಟೀನಿಗೂ ಅದರಲ್ಲಿ ಬರಹವಿಲ್ಲ. ಗಿಡದ ಕಿಣ್ವಗಳಿಂದಲೇ ತನ್ನ ನಕಲು ತೆಗೆಸಿಕೊಳ್ಳುತ್ತದೆ. 1971ರಲ್ಲಿ ಅಮೆರಿಕದ ಥಿಯೊಡೋರ್ ಡೀನರ್ ಆಲೂಗಡ್ಡೆಯ ರೋಗವೊಂದರಲ್ಲಿ ಇದನ್ನು ಗುರುತಿಸಿ ಹೆಸರಿಟ್ಟರು.

ಕೊರೊನಾ ವೈರಸ್‌ನ ಆರ್‌ಎನ್‌ಎಯಲ್ಲಿ ಸುಮಾರು 30,000 ಅಕ್ಷರಗಳು. ಫಿಲಿಪೀನ್ಸ್‌ನ ತೆಂಗಿಗೆ ಬರುವ ಕಡಾಂಗ್-ಕಡಾಂಗ್ ರೋಗದ ವೈರಾಯ್ಡ್‌ನಲ್ಲಿ ಬರೀ 246. ನಮ್ಮ ಕಂಪ್ಯೂಟರ್ ಲೆಕ್ಕದಲ್ಲಿ 62 ಬೈಟ್, ಒಂದು ಎಸ್‌ಎಂಎಸ್‌ನ ಅರ್ಧಕ್ಕೂ ಕಡಿಮೆ! ಅಷ್ಟರಿಂದಲೇ ಅಲ್ಲಿ ಮೂರು ಕೋಟಿಗೂ ಹೆಚ್ಚು ತೆಂಗಿನ ಮರಗಳು ಸತ್ತಿವೆ. ಔಷಧವಿಲ್ಲ. ಮರ ಹೋದ ಜಾಗದಲ್ಲಿ ಹೊಸ ಸಸಿ ನೆಟ್ಟು, ಫಲಕ್ಕೆ ವರ್ಷಗಟ್ಟಲೆ ಕಾಯಬೇಕು.