ಎಕ್ಸ್‌ರೇಗೆ ಕಾಣದ ಮೊಣಕಾಲ ನೋವು

(ಹೊರರೋಗಿಗಳಿಗೂ ಅವರ ಜೊತೆ ಬಂದ ಮನೆಯವರಿಗೂ ಶುಶ್ರೂಷಾ ಶಿಕ್ಷಕಿಯವರು ನೀಡಿದ ಆರೋಗ್ಯ ಉಪನ್ಯಾಸದ ಬರಹರೂಪ)



ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕುಗಳ ಹಳ್ಳಿಗಳಲ್ಲಿ ವಯಸ್ಸು ನಲವತ್ತು ದಾಟಿದ ಹೆಣ್ಣುಮಕ್ಕಳನ್ನು ಮಾತಿಗೆ ಹಚ್ಚಿದರೆ ಮೊಣಕಾಲಿನ ಮಾತು ಬಂದೇ ಬರುತ್ತದೆ. ಹಾನಗಲ್ಲ ಕಡೆ ಕೆಸರಿನಲ್ಲಿ ನಿಂತು ಭತ್ತದ ನಾಟಿ ಮಾಡಬೇಕು. ಸವಣೂರಿನಲ್ಲಿ ಎಲೆಬಳ್ಳಿ ತೋಟದ ಕೆಲಸ. ಹಿರೇಕೆರೂರು ಕಡೆ ಬೀಜೋತ್ಪಾದನೆಯ ಹೊಲದಲ್ಲಿ ಗಿಡದಿಂದ ಗಿಡಕ್ಕೆ ಬಗ್ಗಿ ಹೂವಿನ ಕ್ರಾಸಿಂಗ್. ಗೋವಿನಜೋಳ, ಶೇಂಗಾ, ಹತ್ತಿ ಬೆಳೆದ ಕಡೆಯೆಲ್ಲ ಕುಕ್ಕರಗಾಲಲ್ಲಿ ಸರಿಯುತ್ತ ಕಸ ತೆಗೆಯುವುದು. ಸಂಜೆ ಮನೆಗೆ ಬಂದ ಮೇಲೆ ನೆಲಕ್ಕೆ ಕೂತು ರೊಟ್ಟಿ ಬಡಿಯುವುದು, ಪಾತ್ರೆ ತಿಕ್ಕುವುದು, ನೀರಿನ ಕೊಡ ಹೊರುವುದು ಇದ್ದೇ ಇರುತ್ತದೆ.

ಇಂಥ ತಾಯಿಯೊಬ್ಬಳು ನೋವು ತಾಳಲಾರದೆ ಆಸ್ಪತ್ರೆಗೆ ಬರುತ್ತಾಳೆ. ಎಕ್ಸ್‌ರೇ ತೆಗೆಸಿದರೆ ‘ಸ್ವಲ್ಪ ಸವೆತ ಇದೆ, ಅಷ್ಟೇ’ ಎಂದು ಬರುತ್ತದೆ. ಊರಿಗೆ ಹೋದ ಮೇಲೆ ಮನೆಯಲ್ಲಿ ಏನು ಮಾತು ಕೇಳುತ್ತದೆ? “ಎಕ್ಸ್‌ರೇದಾಗ ಏನೂ ಇಲ್ಲಂತ, ಕೆಲಸಾ ತಪ್ಪಸಾಕ ಹಿಂಗ ಮಾಡ್ತಾಳ.” ಇನ್ನೊಬ್ಬರ ಎಕ್ಸ್‌ರೇಯಲ್ಲಿ ಬಹಳ ಸವೆತ ಕಾಣುತ್ತದೆ, ಆದರೆ ಅವರು ಆರಾಮಾಗಿ ಹೊಲಕ್ಕೆ ಹೋಗಿ ಬರುತ್ತಾರೆ. ಎಕ್ಸ್‌ರೇಗೂ ನೋವಿಗೂ ಹೀಗೆ ತಾಳೆಯಾಗದಿರುವುದಕ್ಕೆ ಇರುವ ಒಂದು ಮುಖ್ಯ ಕಾರಣವನ್ನು ಇಂದು ತಮಗೆ ತಿಳಿಸುತ್ತೇನೆ.

ಮೊಣಕಾಲಿನಲ್ಲಿ ತೊಡೆಯ ಎಲುಬು ಮತ್ತು ಕಣಕಾಲಿನ ಎಲುಬು ಸೇರುತ್ತವೆ. ಎರಡರ ತುದಿಗೂ ನುಣುಪಾದ ಮೃದ್ವಸ್ಥಿಯ ಹೊದಿಕೆ ಇದೆ. ‘ಗಾದಿ ಸವೆದಿದೆ’ ಎಂದು ತಾವು ಹೇಳುವುದು ಇದನ್ನೇ. ಈ ಹೊದಿಕೆಯಲ್ಲಿ ನೋವು ತಿಳಿಸುವ ನರಗಳು ಇಲ್ಲ, ರಕ್ತನಾಳಗಳೂ ಇಲ್ಲ. ಹಾಗಾಗಿ ಗಾದಿ ಸವೆದರೂ ಗಾದಿಗೆ ನೋವಾಗುವುದಿಲ್ಲ. ಅದರ ಕೆಳಗಿನ ಎಲುಬಿನಲ್ಲಿ ನರಗಳೂ ಇವೆ, ರಕ್ತನಾಳಗಳೂ ಇವೆ. ಎಲುಬಿನ ಒಳಗೆ ಜೇನುಹುಟ್ಟಿನಂಥ ಸಣ್ಣ ಸಣ್ಣ ಖಾನೆಗಳಿದ್ದು, ಅವುಗಳಲ್ಲಿ ಮಜ್ಜೆ ತುಂಬಿರುತ್ತದೆ. ಗಾದಿ ತೆಳುವಾದಾಗ, ಕಾಲು ಸೊಟ್ಟಗಾಗಿ ಒಂದೇ ಬದಿಗೆ ಭಾರ ಬಿದ್ದಾಗ, ಅಥವಾ ಗಾದಿಗಳ ನಡುವಿನ ಮಿನಿಸ್ಕಸ್ ಎಂಬ ಬಿಲ್ಲೆ ಹರಿದಾಗ ಆ ಜಾಗದ ಎಲುಬು ಪೆಟ್ಟು ತಿನ್ನುತ್ತದೆ. ಖಾನೆಗಳ ಗೋಡೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಬೀಳುತ್ತವೆ, ಮಜ್ಜೆ ಗಾಸಿಗೊಳ್ಳುತ್ತದೆ. ಇದಕ್ಕೆ ಎಲುಬಿನ ಮಜ್ಜೆಯ ಗಾಯ ಎನ್ನುತ್ತೇವೆ.

ಎತ್ತು ಕಟ್ಟಿದವರಿಗೆ ಇದು ಬೇಗ ತಿಳಿಯುತ್ತದೆ. ನೊಗದ ಕೆಳಗಿನ ಮೆತ್ತೆ ಸವೆದರೆ ಎತ್ತಿನ ಹೆಗಲು ಬಾತುಕೊಳ್ಳುತ್ತದೆ. ನೋಯುವುದು ಮೆತ್ತೆಯೊ, ಹೆಗಲೊ? ಹೆಗಲು. ಮೆತ್ತೆಯನ್ನಷ್ಟೇ ನೋಡಿದವನಿಗೆ ಎತ್ತು ಏಕೆ ನೊಗಕ್ಕೆ ಹೆಗಲು ಕೊಡುತ್ತಿಲ್ಲ ಎಂಬುದು ಗೊತ್ತಾಗುವುದಿಲ್ಲ.

ಎಕ್ಸ್‌ರೇಯಲ್ಲಿ ಎಲುಬಿನ ಆಕಾರ, ಎರಡು ಎಲುಬುಗಳ ನಡುವಿನ ಅಂತರ, ಬೆಳೆದ ಮುಳ್ಳು ಕಾಣುತ್ತವೆ. ಮಜ್ಜೆಯ ಗಾಯ ಕಾಣುವುದಿಲ್ಲ. ಎಂಆರ್‌ಐ ಯಂತ್ರದಲ್ಲಿ ವಿಶೇಷ ರೀತಿಯಿಂದ ತೆಗೆದ ಚಿತ್ರದಲ್ಲಿ ಅದು ಕಪ್ಪು ಎಲುಬಿನೊಳಗೆ ಬಿಳಿ ಮೋಡ ಕವಿದ ಹಾಗೆ ಕಾಣುತ್ತದೆ.

ಅಮೆರಿಕದ ಬೋಸ್ಟನ್ನಿನ ಡಾ. ಡೇವಿಡ್ ಫೆಲ್ಸನ್ ಮತ್ತು ಸಂಗಡಿಗರು ಈ ಕುರಿತ ಒಂದು ಅಧ್ಯಯನವನ್ನು 2001ರಲ್ಲಿ ಪ್ರಕಟಿಸಿದರು. ಅವರು ನೋಡಿದ 401 ಜನರಿಗೂ ಎಕ್ಸ್‌ರೇಯಲ್ಲಿ ಮೊಣಕಾಲಿನ ಸವೆತ ಇತ್ತು. ಅವರಲ್ಲಿ 351 ಜನರಿಗೆ ನೋವಿತ್ತು, 50 ಜನರಿಗೆ ನೋವಿರಲಿಲ್ಲ. ಎಂಆರ್‌ಐ ಮಾಡಿದಾಗ, ನೋವಿದ್ದವರಲ್ಲಿ 272 ಜನರಿಗೆ ಅಂದರೆ ನೂರಕ್ಕೆ ಸುಮಾರು 77 ಜನರಿಗೆ ಮಜ್ಜೆಯ ಗಾಯ ಕಂಡಿತು. ನೋವಿಲ್ಲದ 50 ಜನರಲ್ಲಿ ಕಂಡದ್ದು 15 ಜನರಿಗೆ. ದೊಡ್ಡ ಗಾಯಗಳಂತೂ ಹೆಚ್ಚುಕಡಿಮೆ ನೋವಿದ್ದವರಲ್ಲೇ ಇದ್ದವು. ಈ ಲೆಕ್ಕದಿಂದ ಎರಡು ಮಾತು ತಿಳಿಯುತ್ತವೆ. ಎಕ್ಸ್‌ರೇ ಹೇಳದ ನೋವಿಗೂ ಎಲುಬಿನೊಳಗೆ ಕಾರಣ ಇರಬಹುದು. ಹಾಗೆಯೇ ಗಾಯ ಇದ್ದವರಿಗೆಲ್ಲ ನೋವು ಇದ್ದೇ ಇರುತ್ತದೆ ಎಂದೂ ಅಲ್ಲ. ಕೀಲಿನ ಒಳಪೊರೆಯ ಬಾವು, ಸ್ನಾಯುಗಳ ನಿಶ್ಶಕ್ತಿ, ನಿದ್ದೆಗೇಡು, ಮನಸ್ಸಿನ ಚಿಂತೆ ಇವೂ ನೋವನ್ನು ಹೆಚ್ಚಿಸುತ್ತವೆ.

ಇನ್ನು ಎಂಆರ್‌ಐ ರಿಪೋರ್ಟಿನ ವಿಷಯ. ಅದರಲ್ಲಿ ‘ಬೋನ್ ಮ್ಯಾರೋ ಇಡೀಮಾ’ ಅಥವಾ ‘ಬೋನ್ ಮ್ಯಾರೋ ಲೀಶನ್’ ಎಂದು ಬರೆದಿರುತ್ತಾರೆ. ಬೋನ್ ಮ್ಯಾರೋ ಎಂಬ ಶಬ್ದ ಕೇಳಿದ ಕೂಡಲೇ ಜೊತೆಗೆ ಬಂದವರು ರಕ್ತದ ಕ್ಯಾನ್ಸರ್ ಎಂದು ಹೆದರುತ್ತಾರೆ. ಮೊಣಕಾಲು ಸವೆತದವರ ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಬರುವ ಈ ಮಾತು ಕ್ಯಾನ್ಸರ್‌ನ ಹೆಸರಲ್ಲ. ರಿಪೋರ್ಟನ್ನು ಡಾಕ್ಟರಿಗೆ ತೋರಿಸಿ, ಅವರಿಂದಲೇ ಅರ್ಥ ತಿಳಿದುಕೊಳ್ಳಿರಿ. ಇಡೀಮಾ ಎಂದರೆ ನೀರುಬಾವು. ಅದಕ್ಕೇ ಕೆಲವರು “ಎಲುಬಿನಾಗಿನ ನೀರು ತಗದುಬಿಡ್ರಿ ಸಿಸ್ಟರ್” ಎನ್ನುತ್ತಾರೆ. ಕೀಲಿನಲ್ಲಿ ತುಂಬಿದ ನೀರನ್ನು ಡಾಕ್ಟರು ಸೂಜಿಯಿಂದ ತೆಗೆಯಬಹುದು, ಆದರೆ ಎಲುಬಿನ ಒಳಗಿನ ಈ ಬಾವನ್ನು ಹಾಗೆ ತೆಗೆಯಲು ಬರುವುದಿಲ್ಲ. ಮೊಣಕಾಲು ಬದಲಿ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಎಲುಬನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಲ್ಲಿ ನೀರಿಗಿಂತ ಹೆಚ್ಚಾಗಿ ಗಾಸಿಗೊಂಡ ಮಜ್ಜೆ, ಸಣ್ಣ ಬಿರುಕು, ಮಾಯುವಾಗ ಬೆಳೆದ ನಾರು ಕಂಡಿವೆ.

ಹಾಗಾದರೆ ಎಲ್ಲರೂ ಹುಬ್ಬಳ್ಳಿಗೊ ದಾವಣಗೆರೆಗೊ ಹೋಗಿ ಎಂಆರ್‌ಐ ಮಾಡಿಸಬೇಕೆ? ಬೇಡ. ಅದಕ್ಕೆ ಸಾವಿರಾರು ರೂಪಾಯಿ ಖರ್ಚು ಬರುತ್ತದೆ. ಸಾಮಾನ್ಯ ಸವೆತದ ನೋವಿಗೆ ಡಾಕ್ಟರು ಕೈಯಿಂದ ಪರೀಕ್ಷಿಸಿ, ಬೇಕಾದರೆ ಎಕ್ಸ್‌ರೇ ನೋಡಿ ಚಿಕಿತ್ಸೆ ಹೇಳಬಲ್ಲರು. ಮಜ್ಜೆಯ ಗಾಯ ಚಿತ್ರದಲ್ಲಿ ಕಂಡರೂ ಮೊದಲು ಮಾಡಬೇಕಾದ ಉಪಚಾರ ಬಹಳಷ್ಟು ಅದೇ ಇರುತ್ತದೆ. ಸಾಲ ಮಾಡಿ ಸ್ಕ್ಯಾನ್ ಮಾಡಿಸುವ ಮೊದಲು “ಇದರಿಂದ ಚಿಕಿತ್ಸೆ ಬದಲಾಗುತ್ತದೆಯೇ?” ಎಂದು ಡಾಕ್ಟರನ್ನು ಕೇಳಿರಿ. ಹಾಗೆ ಕೇಳುವುದು ತಪ್ಪಲ್ಲ.

ಆದರೆ ಕೆಲವು ಲಕ್ಷಣಗಳಿದ್ದರೆ ತಡ ಮಾಡಬಾರದು. ಕೂತಲ್ಲಿಂದ ಏಳುವಾಗ ಮೊಣಕಾಲಿನ ಹಿಂದೆ ‘ಟಕ್’ ಎಂದು ಸದ್ದಾಗಿ ಅಂದಿನಿಂದಲೇ ನೋವು ಜೋರಾದರೆ ಬಿಲ್ಲೆಯ ಬೇರು ಕಿತ್ತಿರಬಹುದು. ವಯಸ್ಸಾದ ತಾಯಂದಿರಲ್ಲಿ ಬೀಳದೆಯೂ ಒಮ್ಮಿಂದೊಮ್ಮೆಲೇ ಕಾಲು ಊರಲಾರದಷ್ಟು ನೋವು ಬಂದರೆ ಎಲುಬು ಒಳಗೇ ಬಿರುಕು ಬಿಟ್ಟಿರಬಹುದು. ಇವು ಮೊದಲ ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು. ಜ್ವರದ ಜೊತೆ ಕೀಲು ಕೆಂಪಾಗಿ ಬಾತರೆ, ಮಲಗಿದಾಗಲೂ ನೋವು ಬಿಡದಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಚಿಕ್ಕ ಮಕ್ಕಳಿಗೆ ಮೊಣಕಾಲು ನೋವು ಬಂದರೆ ಕೂಡಲೇ ತೋರಿಸಬೇಕು.

ಈಗ ಉಪಚಾರದ ಮಾತು. ಬಾತ ಹೆಗಲಿನ ಎತ್ತಿಗೆ ರೈತ ಏನು ಮಾಡುತ್ತಾನೆ? ಕೆಲವು ದಿನ ನೊಗ ಇಳಿಸುತ್ತಾನೆ, ಆದರೆ ಎತ್ತನ್ನು ಗೋದಲಿಗೇ ಕಟ್ಟಿ ಹಾಕುವುದಿಲ್ಲ, ಅಡ್ಡಾಡಿಸುತ್ತಾನೆ. ಮೊಣಕಾಲಿಗೂ ಅದೇ ನ್ಯಾಯ. ಮಜ್ಜೆಯ ಗಾಯ ಶಾಶ್ವತವಾಗಿ ಇರಲೇಬೇಕೆಂದಿಲ್ಲ. ತಿಂಗಳುಗಳು ಕಳೆದಂತೆ ಕೆಲವರಲ್ಲಿ ಕುಗ್ಗುತ್ತದೆ, ಕೆಲವರಲ್ಲಿ ಬೆಳೆಯುತ್ತದೆ. ಆದ್ದರಿಂದ ಭಾರವನ್ನು ಹತೋಟಿಯಲ್ಲಿ ಇಡುವುದು ನಮ್ಮ ಕೈಯಲ್ಲಿರುವ ಮೊದಲ ಕೆಲಸ.

ಮೊಣಕಾಲಿಗೆ ಎಷ್ಟು ಭಾರ ಬೀಳುತ್ತದೆ? ಒಳಗೆ ಅಳತೆಯ ಉಪಕರಣ ಇರುವ ಕೃತಕ ಕೀಲನ್ನು ಕೂಡಿಸಿ ಬರ್ಲಿನ್ನಿನ ಸಂಶೋಧಕರು ಇದನ್ನು ಅಳೆದು 2010ರಲ್ಲಿ ಪ್ರಕಟಿಸಿದರು. ಸಮತಟ್ಟು ನೆಲದ ಮೇಲೆ ನಡೆಯುವಾಗ ಮೈತೂಕದ ಸುಮಾರು ಎರಡೂವರೆ ಪಟ್ಟು, ಮೆಟ್ಟಿಲು ಇಳಿಯುವಾಗ ಸುಮಾರು ಮೂರೂವರೆ ಪಟ್ಟು ಭಾರ ಬೀಳುತ್ತದೆ. ಅಂದರೆ 60 ಕಿಲೋ ತೂಕದವರು ಮೆಟ್ಟಿಲು ಇಳಿಯುವಾಗ ಮೊಣಕಾಲಿಗೆ ಸುಮಾರು 210 ಕಿಲೋ ಬಿದ್ದಂತೆ. ಸೊಂಟದ ಮೇಲೆ 15 ಲೀಟರ್ ನೀರಿನ ಕೊಡ ಇದ್ದರೆ ಮೈತೂಕಕ್ಕೆ 15 ಕಿಲೋ ಸೇರಿದಂತಾಯಿತು.

ಆದ್ದರಿಂದ ಈ ಕೆಲವು ಮಾತುಗಳನ್ನು ನೆನಪಿನಲ್ಲಿ ಇಡಿರಿ.

1. ಕಾಯಕ ಬಿಡಬೇಡಿರಿ, ಕೂರುವ ರೀತಿಯನ್ನು ಬದಲಿಸಿರಿ. ಕಸ ತೆಗೆಯುವಾಗ ಸಾಧ್ಯವಿದ್ದಲ್ಲಿ ಉದ್ದ ಹಿಡಿಕೆಯ ಸಲಕರಣೆ ಬಳಸಿರಿ. ಒಲೆ ಕಟ್ಟೆಯ ಮೇಲಿರಲಿ. ಪಾತ್ರೆ, ಬಟ್ಟೆಗೆ ಎತ್ತರದ ಸ್ಟೂಲು ಇರಲಿ. ಶೌಚಕ್ಕೆ ಕಮೋಡ್ ಇಲ್ಲದಿದ್ದರೆ ನಡುವೆ ತೂತಿರುವ ಕುರ್ಚಿ ಇಡಿರಿ.

2. ನೋವು ಜೋರಿದ್ದ ದಿನಗಳಲ್ಲಿ ಕೋಲು ಹಿಡಿಯಿರಿ. ನೋಯುವ ಕಾಲು ಬಲಗಾಲಾದರೆ ಕೋಲು ಎಡಗೈಯಲ್ಲಿ ಇರಬೇಕು. ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಕೋಲಿನಿಂದ ಗಾಯವೇ ಕುಗ್ಗುತ್ತದೆಂದು ಸಾಬೀತಾಗಿಲ್ಲ, ಆದರೆ ಭಾರ ಮತ್ತು ನೋವು ಕಡಿಮೆಯಾಗುತ್ತವೆ.

3. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಕೀಲಿಗೆ ಆಸರೆ ಹೆಚ್ಚು. ಕಾಲು ಚಾಚಿ ಕೂತು, ಮೊಣಕಾಲಿನ ಕೆಳಗೆ ಸುತ್ತಿದ ಟಾವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸುವವರೆಗೆ ಹಿಡಿದು ಬಿಡಿರಿ. ಹತ್ತು ಸಲ, ಮುಂಜಾನೆ ಮತ್ತು ಸಂಜೆ. ಮಾಡಿದ ಮರುದಿನವೂ ನೋವು ಹೆಚ್ಚಾಗಿಯೇ ಇದ್ದರೆ ಎಣಿಕೆ ಕಡಿಮೆ ಮಾಡಿರಿ, ಪೂರ್ತಿ ಬಿಡಬೇಡಿರಿ.

4. ಮೈತೂಕ ಹೆಚ್ಚಿದ್ದವರು ಇಳಿಸಬೇಕು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು 2005ರ ಒಂದು ಅಮೆರಿಕನ್ ಅಧ್ಯಯನ ತೋರಿಸಿದೆ. ಆದರೆ ಬಡಕಲು ದೇಹದ ತಾಯಂದಿರು ಉಪವಾಸ ಬೀಳಬೇಡಿರಿ. ಅವರಿಗೆ ಬೇಳೆ, ಕಾಳು, ಹಾಲು, ಮಜ್ಜಿಗೆ, ಸೊಪ್ಪು ಬೇಕು.

5. ಹೆಸರಿಲ್ಲದ ಪುಡಿ, ಗುಳಿಗೆ ತಿನ್ನಬೇಡಿರಿ. ಒಂದೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟಿರಾಯ್ಡ್ ಇರಬಹುದು. ಬಹಳ ದಿನ ತಿಂದರೆ ಎಲುಬೇ ತೆಳುವಾಗುತ್ತದೆ, ಕೆಲವೊಮ್ಮೆ ಒಳಗೇ ಸಾಯುತ್ತದೆ. ನೋವಿನ ಗುಳಿಗೆಯನ್ನು ಸಹ ಡಾಕ್ಟರು ಹೇಳಿದಷ್ಟೇ ದಿನ ತೆಗೆದುಕೊಳ್ಳಿರಿ. ಹೊಟ್ಟೆಗೂ ಮೂತ್ರಪಿಂಡಕ್ಕೂ ಅದರಿಂದ ಅಪಾಯವಿದೆ.

ಮಜ್ಜೆಯ ಗಾಯಕ್ಕೆಂದೇ ಒಂದು ಇಂಜೆಕ್ಷನ್ ಇಲ್ಲವೇ ಎಂದು ಕೇಳುವವರಿದ್ದಾರೆ. ಎಲುಬು ಗಟ್ಟಿ ಮಾಡುವ ಝೊಲೆಡ್ರೊನಿಕ್ ಆಸಿಡ್ ಎಂಬ ಔಷಧ ಒಂದು ಸಣ್ಣ ಪ್ರಯೋಗದಲ್ಲಿ ಆಸೆ ಹುಟ್ಟಿಸಿತ್ತು. ಆಮೇಲೆ ಆಸ್ಟ್ರೇಲಿಯಾದಲ್ಲಿ 223 ಜನರನ್ನು ಎರಡು ವರ್ಷ ನೋಡಿದಾಗ ಅದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಆ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಹಾಗಾಗಿ ಯಾರಾದರೂ ‘ಒಂದೇ ಸೂಜಿಗೆ ಗುಣ’ ಎಂದರೆ ಹಣ ಕೊಡುವ ಮೊದಲು ಯೋಚಿಸಿರಿ. ಈ ಎಲ್ಲ ಉಪಚಾರದಿಂದಲೂ ನಡೆದಾಡಲು ಆಗದಷ್ಟು ಸವೆತ ಇದ್ದವರಿಗೆ ಬದಲಿ ಕೀಲಿನ ಶಸ್ತ್ರಚಿಕಿತ್ಸೆ ಇದೆ. ಅದು ಕೊನೆಯ ಹಂತದ ಮಾತು.

ಕೊನೆಗೆ ಜೊತೆಗೆ ಬಂದಿರುವ ಅಣ್ಣಂದಿರಿಗೆ, ಮಕ್ಕಳಿಗೆ, ಸೊಸೆಯಂದಿರಿಗೆ ಒಂದು ಮಾತು. ಎತ್ತಿನ ಹೆಗಲು ಬಾತರೆ ರೈತ ಅದನ್ನು ಕಣ್ಣಿನಿಂದ ನೋಡುತ್ತಾನೆ, ನೊಗ ಇಳಿಸುತ್ತಾನೆ. ಅವ್ವನ ಮೊಣಕಾಲಿನೊಳಗಿನ ಗಾಯ ನಿಮ್ಮ ಕಣ್ಣಿಗೆ ಕಾಣುವುದಿಲ್ಲ, ಎಕ್ಸ್‌ರೇಗೂ ಕಾಣುವುದಿಲ್ಲ. ಅವಳ ಬಾಯಿಮಾತೇ ಅದಕ್ಕೆ ಸಾಕ್ಷಿ. ಆ ಮಾತನ್ನು ನಂಬಿರಿ. ಇಂದು ಊರಿಗೆ ಹೋದ ಮೇಲೆ ನೀರಿನ ಕೊಡ ನೀವು ಹೊರಿರಿ, ಒಂದು ಸ್ಟೂಲು ತಂದು ಕೊಡಿರಿ. ಔಷಧದ ಚೀಟಿಯಲ್ಲಿ ಬರೆಯದಿದ್ದರೂ ಇದು ಚಿಕಿತ್ಸೆಯ ಭಾಗವೇ ಆಗಿದೆ.