ಕುಂಟುನಡೆಯ ಲೆಕ್ಕ

ಸಂಜೆಯ ಹೊತ್ತು ಆಂಡರ್ಸನ್‌ಪೇಟೆಯ ಮಾರುಕಟ್ಟೆ ಬೀದಿಯಲ್ಲಿ ಸ್ವಲ್ಪ ನಿಂತು ಬರೀ ಜನರ ಕಾಲುಗಳನ್ನೇ ಗಮನಿಸಿ. 2001ರ ಫೆಬ್ರವರಿ 28ರಂದು ಮುಚ್ಚಿಹೋದ ಚಿನ್ನದ ಗಣಿಯ ಊರು ಇದು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು, ಬಂಡೆ ಸಿಡಿಯುವ ಭಯದಲ್ಲಿ ದುಡಿದವರ ಊರು. ಹಿರಿಯರಲ್ಲಿ ಒಂದು ಕಾಲೆಳೆದು ನಡೆಯುವವರು ಒಬ್ಬಿಬ್ಬರಾದರೂ ಕಂಡೇ ಕಾಣುತ್ತಾರೆ. ಅವರಿಗೆ ಮನೆಯವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಸ್ವಲ್ಪ ಸಮವಾಗಿ ಹೆಜ್ಜೆ ಇಡು ತಾತ." ಈ ಉಪದೇಶ ಎಷ್ಟರ ಮಟ್ಟಿಗೆ ಸರಿ?

ಉತ್ತರವನ್ನು ಒಂದು ಆಟಿಕೆಯಿಂದ ಆರಂಭಿಸೋಣ. ಎರಡು ಮರದ ಕಾಲು, ಮೇಲೆ ಒಂದು ಕೀಲು. ಇಳಿಜಾರಾದ ಹಲಗೆಯ ಮೇಲಿಟ್ಟು ಮೆಲ್ಲನೆ ತಟ್ಟಿದರೆ ಟಕ್ ಟಕ್ ಎನ್ನುತ್ತಾ ತಾನೇ ನಡೆದು ಇಳಿಯುತ್ತದೆ. ಬ್ಯಾಟರಿ ಇಲ್ಲ, ಮೋಟಾರು ಇಲ್ಲ. ನೆಲದ ಮೇಲಿರುವ ಕಾಲು ತಲೆಕೆಳಗಾದ ಲೋಲಕ. ಗಾಳಿಯಲ್ಲಿರುವುದು ಗಡಿಯಾರದ ಲೋಲಕ. ಮನುಷ್ಯನ ನಡೆಯಲ್ಲೂ ಬಹುಪಾಲು ಕೆಲಸ ಇದೇ ಎಂಬುದನ್ನು ಕೆನಡಾದಲ್ಲಿದ್ದ ಎಂಜಿನಿಯರ್ ಟ್ಯಾಡ್ ಮೆಕ್‌ಗೀರ್ 1990ರಲ್ಲಿ ಪ್ರಕಟಿಸಿದರು.

1998ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಗುಂಪೊಂದು ಇದನ್ನು ಇನ್ನೂ ಸರಳಗೊಳಿಸಿ ಲೆಕ್ಕ ಹಾಕಿತು. ಆ ಗುಂಪಿನಲ್ಲಿದ್ದ ಅನಿಂದ್ಯ ಚಟರ್ಜಿ ಮುಂದೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದವರು. ಲೆಕ್ಕದ ಫಲ ವಿಚಿತ್ರವಾಗಿತ್ತು. ಇಳಿಜಾರು ಮೀಟರಿಗೆ ಸುಮಾರು 15 ಮಿಲಿಮೀಟರ್ ಆಗುವವರೆಗೆ ನಡೆ ಸಮ. ಅದನ್ನು ಮೀರಿತೋ, ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ. ಯಂತ್ರ ಕುಂಟತೊಡಗುತ್ತದೆ! ಎರಡೂ ಕಾಲು ಒಂದೇ ಉದ್ದ, ಒಂದೇ ತೂಕ. ಉದ್ದ ಹೆಜ್ಜೆಯಲ್ಲಿ ಪಾದ ನೆಲಕ್ಕೆ ಬಡಿದು ಹೆಚ್ಚು ವೇಗ ಕಳೆಯುತ್ತದೆ, ಮುಂದಿನ ಹೆಜ್ಜೆ ಗಿಡ್ಡವಾಗುತ್ತದೆ. ಗಿಡ್ಡದ್ದರಲ್ಲಿ ನಷ್ಟ ಕಡಿಮೆ, ಅದರ ಮುಂದಿನದು ಮತ್ತೆ ಉದ್ದ. ಇಳಿಜಾರು 19 ಮಿಲಿಮೀಟರಿನ ಹತ್ತಿರ ಬಂದಾಗ ಹೆಜ್ಜೆಗಳಿಗೆ ಕ್ರಮವೇ ಉಳಿಯುವುದಿಲ್ಲ. ಅದರಾಚೆ ಬೀಳುವುದೊಂದೇ ಬಾಕಿ. ಅಂದರೆ ಕುಂಟು ಕಾಣಿಸಿತೆಂದ ಮಾತ್ರಕ್ಕೆ ಕಾಲಿನಲ್ಲಿ ದೋಷ ಹುಡುಕಬೇಕಾಗಿಲ್ಲ.

ಇನ್ನು ಕಾಲುಗಳೇ ಬೇರೆಬೇರೆಯಾದರೆ? ಕೃತಕ ಕಾಲು ಹಾಕಿಕೊಂಡವರ ಸ್ಥಿತಿ ಇದು. ಶಾಲೆಯಲ್ಲಿ ಕಲಿತದ್ದನ್ನು ನೆನಪಿಸಿಕೊಳ್ಳಿ: ಲೋಲಕ ತೂಗುವ ವೇಗ ಅದರ ಒಟ್ಟು ತೂಕದಿಂದಲ್ಲ, ತೂಕ ಎಲ್ಲಿ ಕೂತಿದೆ ಎಂಬುದರಿಂದ ನಿರ್ಧಾರವಾಗುತ್ತದೆ. ಮೂಳೆ ಮಾಂಸದ ಕಾಲು ಒಂದು ತಾಳದಲ್ಲಿ ಬೀಸಿದರೆ ರಬ್ಬರು, ಪ್ಲಾಸ್ಟಿಕ್ಕಿನದು ಇನ್ನೊಂದರಲ್ಲಿ ಬೀಸುತ್ತದೆ. ಫ್ಲಾರಿಡಾದ ಕೈಲ್ ರೀಡ್ ಮತ್ತು ಸಂಗಡಿಗರು ಎರಡು ಬಗೆಯ ಕಾಲುಳ್ಳ ನಡೆಯಂತ್ರಗಳನ್ನು ಬಳಸಿ ಇದನ್ನೇ ಪರಿಶೀಲಿಸಿದರು. ಹೆಜ್ಜೆಯ ಉದ್ದ, ಹೆಜ್ಜೆಯ ಸಮಯ, ಪಾದದ ಮೇಲೆ ಬೀಳುವ ಭಾರ, ಈ ಮೂರೂ ಒಟ್ಟಿಗೆ ಸಮವಾಗುವುದು ಬಹಳ ಕಷ್ಟ. ಒಂದನ್ನು ಸರಿಪಡಿಸಿದರೆ ಇನ್ನೊಂದು ಜಾರುತ್ತದೆ. ಕೃತಕ ಮಂಡಿ ನಿಜವಾದ ಮಂಡಿಯ ಮಟ್ಟದಲ್ಲೇ ಇರಬೇಕೇ ಎಂಬ ಪ್ರಶ್ನೆಯನ್ನೂ ಅವರು ಎತ್ತಿದರು. ಕನ್ನಡಿಯ ಮುಂದೆ ಚೆನ್ನಾಗಿ ಕಾಣುವುದು ಬೇರೆ, ಚೆನ್ನಾಗಿ ನಡೆಯುವುದು ಬೇರೆ.

ಜೈಪುರದ ರಾಮಚಂದ್ರ ಶರ್ಮ ಮತ್ತು ಡಾಕ್ಟರ್ ಪಿ. ಕೆ. ಸೇಠಿ ರೂಪಿಸಿದ ಪಾದ ನಮ್ಮಲ್ಲಿ ಜನಪ್ರಿಯವಾದದ್ದೇಕೆ? ಬರಿಗಾಲಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಗದ್ದೆಯ ಕೆಸರಿಗೂ ಇಳಿಯಬಹುದು. ನಡೆ ಎಷ್ಟು ಸಮ ಎಂದು ಅಳೆದು ನೋಡಿ ಅದನ್ನು ಯಾರೂ ಆರಿಸಿಕೊಳ್ಳಲಿಲ್ಲ.

ಹಾಗೆಂದು ಕುಂಟನ್ನೆಲ್ಲ ಅದರ ಪಾಡಿಗೆ ಬಿಡಿ ಎನ್ನುತ್ತಿಲ್ಲ. ಭಾರವೆಲ್ಲ ಒಳ್ಳೆಯ ಕಾಲಿನ ಮೇಲೆಯೇ ಬಿದ್ದರೆ ವರ್ಷಗಳು ಕಳೆದಂತೆ ಆ ಮಂಡಿ ಸವೆಯುತ್ತದೆ. ಆದ್ದರಿಂದ ಕೃತಕ ಕಾಲು ಹೊಂದಿಸುವವರ ಬಳಿಗೆ ತಾತನನ್ನು ಕರೆದೊಯ್ದಾಗ ಹೆಜ್ಜೆ ಎಷ್ಟು ಚಂದ ಎಂಬುದರ ಜೊತೆಗೆ ಇನ್ನೆರಡನ್ನೂ ತಿಳಿಸಿ: ಸಂಜೆಯ ಹೊತ್ತಿಗೆ ಯಾವ ಮಂಡಿ ನೋಯುತ್ತದೆ, ಸಂತೆಯವರೆಗೆ ಹೋಗಿಬರಲು ದಾರಿಯಲ್ಲಿ ಎಷ್ಟು ಸಲ ಕೂರಬೇಕಾಗುತ್ತದೆ.