ಯಂತ್ರದ ಓದು, ಮಾನವನ ವಿವೇಚನೆ

(ಶಿಗ್ಲಿಯಲ್ಲಿ ಮಾಡಿದ ಉಪನ್ಯಾಸ)

 

ಓದುವ, ಬರೆಯುವ, ಭಾಷಾಂತರಿಸುವ ಯಂತ್ರಗಳು ಈಗ ಕನ್ನಡಕ್ಕೂ ಬಂದಿರುವುವು. ಅವುಗಳ ಶಕ್ತಿಯನ್ನು ಕೃತಕ ಬುದ್ಧಿಮತ್ತೆಯೆಂದು ಕರೆಯುವರು. ಹೀಗಿರಲು ಇನ್ನು ಪಂಡಿತನಿಗೇನು ಕೆಲಸವೆಂದು ಕೆಲವರು ಕೇಳುತ್ತಿರುವರು. ಈ ಪ್ರಶ್ನೆಯನ್ನು ವಚನದ ಓಲೆಗರಿಯನ್ನು ಮುಂದಿಟ್ಟುಕೊಂಡೇ ವಿಚಾರಿಸೋಣ.

ಫ. ಗು. ಹಳಕಟ್ಟಿಯವರು ತಾಡವೋಲೆಗಳನ್ನು ಕೂಡಿಸಿ, ಶೋಧಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅಂಥ ಓಲೆಗಳಲ್ಲಿ ಪದಗಳ ನಡುವೆ ತೆರಪಿಲ್ಲ. ಎಕಾರ ಒಕಾರಗಳ ಹ್ರಸ್ವದೀರ್ಘಗಳಿಗೆ ಬೇರೆ ಗುರುತೂ ಇಲ್ಲ. ‘ಕೊಡು’ ಎಂದಿದೆಯೋ ‘ಕೋಡು’ ಎಂದಿದೆಯೋ, ಅರ್ಥವನ್ನರಿತವನೇ ನಿರ್ಣಯಿಸಬೇಕು.

ಸಾವಿರಾರು ಗರಿಗಳ ಛಾಯಾಚಿತ್ರಗಳನ್ನು ಬೇಗನೆ ಶೋಧಿಸಿ, ಪಾಠಾಂತರಗಳನ್ನು ಒಂದೆಡೆಗೆ ತರಲು ಯಂತ್ರವು ಬಹಳ ಉಪಕಾರಿ. ಅದನ್ನು ಬೇಡವೆನ್ನುವುದು ಅವಿವೇಕವೇ ಸರಿ. ಆದರೆ ಅದು ತಾನು ಹೆಚ್ಚಾಗಿ ಕಂಡ ರೂಢಿಯನ್ನನುಸರಿಸಿ ಊಹಿಸತಕ್ಕದ್ದು. ಬಸವಣ್ಣನವರ ಅಂಕಿತವು ‘ಕೂಡಲಸಂಗಮದೇವ’, ಚೆನ್ನಬಸವಣ್ಣನವರದು ‘ಕೂಡಲಚೆನ್ನಸಂಗಮದೇವ’. ನಡುವಣ ಎರಡಕ್ಷರಗಳನ್ನು ಹುಳು ತಿಂದಿದ್ದರೆ ಯಂತ್ರವು ಹೆಚ್ಚು ಬಳಕೆಯ ಅಂಕಿತವನ್ನೇ ತುಂಬೀತು. ಹೋದುವು ಎರಡೇ ಅಕ್ಷರ. ಸೋದರಳಿಯನ ವಚನವು ಸೋದರಮಾವನ ಹೆಸರಿಗೆ ಸೇರಿತು!

ಇದಕ್ಕಿಂತಲೂ ದೊಡ್ಡ ಅಪಾಯವೊಂದುಂಟು. ಕೇಳಿದೊಡನೆ ಯಂತ್ರವು ತಾನೇ ಒಂದು ವಚನವನ್ನು ಕಟ್ಟಿ, ಕೊನೆಗೆ ಅಂಕಿತವನ್ನೂ ಹಚ್ಚಿ ಕೊಡಬಲ್ಲುದು. ಭಕ್ತನು ಅದನ್ನು ನಂಬಿ ಮಕ್ಕಳಿಗೆ ಕಲಿಸಿದರೆ, ಶರಣರು ಆಡದ ಮಾತು ಶರಣವಾಣಿಯಾಗಿ ಮುಂದಿನ ಪೀಳಿಗೆಗೆ ಇಳಿಯುವುದು.

ಪಾಠಶಾಲೆಯಲ್ಲಿ ವಿದ್ಯಾರ್ಥಿಯು ಪದಚ್ಛೇದ ಮಾಡಿದೊಡನೆ ಗುರುಗಳು ‘ಏಕೆ?’ ಎಂದು ಕೇಳುವರು. ಕೇಳಿದರೆ ಯಂತ್ರವೂ ಒಂದು ಕಾರಣವನ್ನು ಹೇಳೀತು. ಆದರೆ ಆ ಕಾರಣಕ್ಕೆ ಹೊಣೆ ನಿಲ್ಲಲಾರದು. ಅದರ ಮಾತನ್ನು ಒಪ್ಪಿ ಅಚ್ಚುಹಾಕಿಸಿದವನೇ, ಒಪ್ಪಿ ಕಲಿಸಿದವನೇ ಉತ್ತರವಾದಿ. ಯಂತ್ರವು ಪಾಠಗಳನ್ನು ಒದಗಿಸಲಿ, ನಿರ್ಣಯವು ಮನುಷ್ಯನದಾಗಿರಲಿ. ನಿರ್ಣಯಿಸಲಾಗದೆಡೆಯಲ್ಲಿ ತೆರಪನ್ನು ತೆರಪಾಗಿಯೇ ಬಿಡತಕ್ಕದ್ದು.

ಭಕ್ತರಲ್ಲಿ ಒಂದು ವಿಜ್ಞಾಪನೆ. ಅಪರಿಚಿತ ವಚನವು ಕೈಗೆ ಬಂದಾಗ, ಕರ್ನಾಟಕ ಸರ್ಕಾರವು 15 ಸಂಪುಟಗಳಲ್ಲಿ ಪ್ರಕಟಿಸಿದ ‘ಸಮಗ್ರ ವಚನ ಸಂಪುಟ’ದಲ್ಲಿ ಅದುಂಟೋ ಎಂದು ನೋಡಿರಿ, ಕಾಣದಿದ್ದರೆ ಬಲ್ಲವರನ್ನು ವಿಚಾರಿಸುವವರೆಗೂ ಪರರಿಗೆ ಹೇಳಬೇಡಿರಿ. ಪಂಪನು ಮೆಚ್ಚಿದ ತಿರುಳ್ಗನ್ನಡದ ಪುಲಿಗೆರೆ, ಎಂದರೆ ಇಂದಿನ ಲಕ್ಷ್ಮೇಶ್ವರ, ನಮ್ಮ ನೆರೆಯಲ್ಲಿಯೇ ಇರುವುದು. ಮಾತಿನ ತಿರುಳನ್ನೂ ಹೊಟ್ಟನ್ನೂ ಬೇರ್ಪಡಿಸುವುದು ಈ ಸೀಮೆಯವರಾದ ನಮಗೆ ಒಪ್ಪುವ ಕಾರ್ಯವಾಗಿದೆ.